ಪ್ರಶಸ್ತಿ ಪಂಡಿತರು

ಚಲನಚಿತ್ರಕ್ಕೆ ಹೋಗುವವರಲ್ಲಿ ಕಥೆಗಾಗಿ ಹೋಗುವವರುಂಟು, ನಟನಟಿಯರಿಗಾಗಿ ಹೋಗುವವರುಂಟು, ಮನೆಯಲ್ಲಿ ನೆಂಟರು ಬೀಡುಬಿಟ್ಟಿರುವರೆಂಬ ಏಕೈಕ ಕಾರಣದಿಂದ ಹೋಗುವವರೂ ಉಂಟು. ಆದರೆ ತೆರೆಯ ಮೇಲಣ ಸಮಸ್ತ ಸುಖದುಃಖಗಳನ್ನೂ ದೆಹಲಿಯ ತೀರ್ಪುಗಾರರ ಕಣ್ಣಿನಿಂದಲೇ ಅಳೆದು, ಯಾವ ಕಣ್ಣೀರಿಗೆ ಸ್ವರ್ಣಕಮಲ, ಯಾವ ನಿಟ್ಟುಸಿರಿಗೆ ರಜತಕಮಲವೆಂಬುದನ್ನು ಮಧ್ಯಂತರದೊಳಗಾಗಿ ನಿರ್ಣಯಿಸಿಬಿಡುವ ಮಹನೀಯರೊಬ್ಬರು ಪ್ರತಿಯೊಂದು ಫಿಲ್ಮ್ ಸೊಸೈಟಿಯಲ್ಲಿಯೂ ಇದ್ದೇ ಇರುತ್ತಾರೆ. ನಮ್ಮ ಬಡಾವಣೆಯಲ್ಲಿ ಅವರನ್ನು ಪ್ರಶಸ್ತಿ ಪಂಡಿತರೆಂದು ಕರೆಯುವುದು ವಾಡಿಕೆ.

ಪಂಡಿತರ ಶಾಸ್ತ್ರ ನಿರಾಧಾರವಾದುದೆಂದು ಯಾರೂ ಆಕ್ಷೇಪಿಸಲಾರರು. 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’, 1986ರ ‘ತಬರನ ಕಥೆ’, 1997ರ ‘ತಾಯಿ ಸಾಹೇಬ’, 2001ರ ‘ದ್ವೀಪ’, ಹೀಗೆ ದೇಶದ ಅತ್ಯುತ್ತಮ ಕಥಾಚಿತ್ರವೆಂಬ ಮನ್ನಣೆಯನ್ನು ಕನ್ನಡಕ್ಕೆ ತಂದ ಆರನ್ನೂ ಇಸವಿಸಹಿತ ಒಂದೇ ಉಸಿರಿನಲ್ಲಿ ಹೇಳಿ, ಅನಂತರ ಅವುಗಳಿಂದ ತಾವು ಮಥಿಸಿ ತೆಗೆದ ಸೂತ್ರಗಳನ್ನು ಉಪದೇಶಿಸುವರು. ಚಿತ್ರಕ್ಕೆ ಮುದ್ರಿತ ಮೂಲಕೃತಿಯೊಂದಿರತಕ್ಕದ್ದು ಎಂಬುದು ಪ್ರಥಮ ಸೂತ್ರ. ಅನಂತಮೂರ್ತಿ, ಕಾರಂತ, ತೇಜಸ್ವಿ, ಡಿಸೋಜ ಇವರ ಹಂಗಿಲ್ಲದೆ ಕಮಲ ಅರಳೀತೆ? ನಾಯಕನಾದವನು ಕಡೆಗೆ ಗೆಲ್ಲಕೂಡದೆಂಬುದು ದ್ವಿತೀಯ. ಚೋಮನಿಗೆ ಬೇಸಾಯಕ್ಕೆ ಗದ್ದೆ ದೊರೆತು, ತಬರನಿಗೆ ಪಿಂಚಣಿ ಸಕಾಲದಲ್ಲಿ ಮಂಜೂರಾಗಿದ್ದ ಪಕ್ಷದಲ್ಲಿ ವಾಸುದೇವರಾಯರಿಗೂ ಚಾರುಹಾಸನ್ ಅವರಿಗೂ ಶ್ರೇಷ್ಠ ನಟರೆಂಬ ರಾಷ್ಟ್ರಗೌರವ ಎಲ್ಲಿಂದ ಬರುತ್ತಿತ್ತೆಂಬುದು ಅವರ ಪ್ರಶ್ನೆ. ಆದಕಾರಣವೇ, ತಬರನು ಪಿಂಚಣಿಗಾಗಿ ಅಲೆದಲೆದು ಸೋಲುವುದನ್ನು ಕಂಡು ಸಭಾಂಗಣವೆಲ್ಲ ಮರುಗುತ್ತಿರುವಾಗ ಪಂಡಿತರೊಬ್ಬರು ಮಾತ್ರ, ಕೆಲಸ ಸರಿಯಾಗಿ ಸಾಗುತ್ತಿದೆಯೆಂಬಂತೆ ಸಂತೃಪ್ತರಾಗಿ ತಲೆದೂಗುವರು.

ತೃತೀಯ ಸೂತ್ರ ಮೌನಕ್ಕೆ ಸಂಬಂಧಪಟ್ಟದ್ದು. ಪಾತ್ರಗಳು ಬಾಯಿಬಿಡದೆ ಕುಳಿತ ಹೊತ್ತನ್ನು ಅವರು ಕೈಗಡಿಯಾರದಿಂದ ಅಳೆಯುತ್ತಾರೆ: ನಾಯಕಿ ಅರ್ಧ ನಿಮಿಷ ಮಾತನಾಡದಿದ್ದರೆ ರಾಜ್ಯಪ್ರಶಸ್ತಿ, ಪೂರ್ಣ ನಿಮಿಷವಾದರೆ ರಾಷ್ಟ್ರಪ್ರಶಸ್ತಿ, ಅದನ್ನೂ ಮೀರಿ ಆಕೆ ಕಿಟಕಿಯತ್ತ ನೋಡತೊಡಗಿದಳೆಂದರೆ ವಿದೇಶದ ಚಿತ್ರೋತ್ಸವ. ನೆರೆಯವರು ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಅವರ ಕಿವಿಯತ್ತ ಬಾಗಿ, “ಛಾಯಾಗ್ರಹಣಕ್ಕೆ ಖಾತ್ರಿ, ಸ್ವಾಮಿ. ಸಂಗೀತದ ವಿಷಯ ಹೇಳಲಾರೆ, ಬಂಗಾಳಿಗಳದ್ದೊಂದು ಬರುತ್ತಿದೆಯಂತೆ” ಎನ್ನುವರು. ಒಮ್ಮೆ ಎದ್ದುಹೋಗಿ ಕಾಫಿ ಕುಡಿದು ತಡವಾಗಿ ಬಂದ ವೃದ್ಧರೊಬ್ಬರು, ನಡುವೆ ತಪ್ಪಿಹೋದ ಕಥೆಯನ್ನು ತಿಳಿಯುವ ಕಾತರದಿಂದ, “ಆ ಹೆಣ್ಣುಮಗಳ ಗತಿ ಕಡೆಗೆ ಏನಾಯಿತು ರಾಯರೆ?” ಎಂದು ಕೇಳಿದರು. “ಪೋಷಕನಟಿ” ಎಂದರು ಪಂಡಿತರು, ನಿಷ್ಕರುಣವಾಗಿ, “ಅದಕ್ಕಿಂತ ಹೆಚ್ಚಿನದು ಆಕೆಯ ಹಣೆಯಲ್ಲಿ ಬರೆದಿಲ್ಲ.”

ಭವಿಷ್ಯ ಸುಳ್ಳಾದ ಮಾತ್ರಕ್ಕೆ ಶಾಸ್ತ್ರ ಸುಳ್ಳಾಗದಷ್ಟೆ. ನಿಜವಾದರೆ ಅದು ಪಂಡಿತರ ದೂರದೃಷ್ಟಿ. ಸುಳ್ಳಾದರೆ ತೀರ್ಪುಗಾರರ ಹ್ರಸ್ವದೃಷ್ಟಿ. 1978ರ ಸಾಲಿನಲ್ಲಿ ಯಾವ ಕಥಾಚಿತ್ರವೂ ಅರ್ಹವಲ್ಲವೆಂದು ಸ್ವರ್ಣಕಮಲವನ್ನು ಯಾರಿಗೂ ಕೊಡದೆ ಇಟ್ಟುಕೊಂಡ ಪ್ರಸಂಗವನ್ನು ಯಾರೋ ಕುಚೋದ್ಯಕ್ಕೆ ಎತ್ತಿದಾಗ, ಮೂರು ಚಿತ್ರಗಳಿಗೆ ಪ್ರತ್ಯೇಕವಾಗಿ ಜಯವನ್ನು ನುಡಿದಿದ್ದ ಆ ಮಹಾನುಭಾವರು ಎಳ್ಳಷ್ಟೂ ಅಳುಕದೆ, “ನಾನು ಆಗಲೇ ಹೇಳಿರಲಿಲ್ಲವೆ, ಆ ವರ್ಷ ಸ್ಪರ್ಧೆ ಬಹಳ ಕಠಿಣವೆಂದು!” ಎಂದುಬಿಟ್ಟರು.

ಇಷ್ಟಾದರೂ ಅವರನ್ನು ಹಳಿಯಲು ನನಗೆ ಬಾಯಿ ಬಾರದು. ಚಿತ್ರವೊಂದಕ್ಕೆ ಪ್ರಶಸ್ತಿ ಬಂದಿತೆಂಬ ವಾರ್ತೆ ಹಬ್ಬಿದೊಡನೆ ಪತ್ರಿಕೆಯನ್ನು ಮಡಿಸಿಟ್ಟು, ಕನ್ನಡದ ಕೀರ್ತಿ ದಿಗಂತಕ್ಕೇರಿತೆಂದು ಹಿಗ್ಗಿ, ಆ ಹಿಗ್ಗಿನಲ್ಲಿಯೇ ಪಕ್ಕದ ಟಾಕೀಸಿನ ಹೊಡೆದಾಟದ ಚಿತ್ರಕ್ಕೆ ಸಕುಟುಂಬರಾಗಿ ತೆರಳುವ ಸಜ್ಜನರು ನಾವು. ನೋಡದೆಯೇ ಮೆಚ್ಚುವ ನಮಗಿಂತ, ನೋಡಿಯೂ ನೋಡದ ಪಂಡಿತರು ನಿರ್ಮಾಪಕನ ಪಾಲಿಗೆ ಎಷ್ಟೋ ಮೇಲು. ಅವರು ಟಿಕೆಟಿನ ಹಣವನ್ನಾದರೂ ತೆತ್ತಿರುತ್ತಾರೆ.