ನೆರೆಯಲ್ಲಿ ತೇಲಿಬಂದ ಪೋಸ್ಟ್: ಬಳಸುವ ವಿಧಾನ

ಬೇಕಾಗುವ ಸಾಮಗ್ರಿ: ಚಾರ್ಜ್ ಇರುವ ಫೋನು, ಭೂಪಟ, ಕಾಗದ, ಪೆನ್ನು. ಹೆಬ್ಬೆರಳನ್ನು ಜೇಬಿನಲ್ಲಿಡಿ; ಅದಕ್ಕೆ ಫಾರ್ವರ್ಡ್ ಒತ್ತುವ ಚಟವಿದೆ.

ಮೊದಲು ಪೋಸ್ಟಿನ ಜಾತಕ ಬರೆಯಿರಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಊರಲ್ಲಿ ಹುಟ್ಟಿತು? ‘ಈಗಷ್ಟೇ ಬಂದ ಸುದ್ದಿ’ ಅನ್ನುವುದು ಜನ್ಮದಿನಾಂಕವಲ್ಲ. 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ, ಆಗಲೇ ಶಿಬಿರ ಸೇರಿ ಗಂಜಿ ಕುಡಿದವರ ಹೆಸರಲ್ಲೂ ‘ಕಾಪಾಡಿ’ ಎಂಬ ಮೊರೆ ಫೋನಿಂದ ಫೋನಿಗೆ ತಿರುಗುತ್ತಲೇ ಇತ್ತು.

ಫೋಟೋ ಬಂದರೆ ಬೆಚ್ಚಬೇಡಿ. ಹೆದ್ದಾರಿಯ ನೀರಲ್ಲಿ ಈಜುವ ನಕಲಿ ಫೋಟೋದ ಶಾರ್ಕ್ 2011ರಲ್ಲಿ ಪೋರ್ಟೊ ರಿಕೊದಲ್ಲಿತ್ತು, 2017ರಲ್ಲಿ ಹ್ಯೂಸ್ಟನ್‌ಗೆ ಬಂತು. ನೀರಿಳಿದ ಮೇಲೂ ಬದುಕಿ ಉಳಿಯುವ ಮೀನು ಅದೊಂದೇ. ವಾಟ್ಸ್ಆ್ಯಪ್ ಚಿತ್ರದೊಳಗಿನ ಜಾಗದ ಗುರುತನ್ನು ಅಳಿಸಿಬಿಡುತ್ತದೆ. ಹಾಗಾಗಿ ಅಂಗಡಿ ಬೋರ್ಡಿನ ಲಿಪಿ ಓದಿ, ಜೀಪಿನ ನಂಬರ್ ನೋಡಿ. ಕೆಎ-12 ಇದ್ದರೆ ಗಾಡಿ ಕೊಡಗಿನದು. ಫೋಟೋದಲ್ಲಿರುವ ಗುಡ್ಡವೂ ಅಲ್ಲಿನದೇ ಎಂದು ಮಾತ್ರ ಹೇಳಲಾಗದು.

ಈಗ ಕಷ್ಟದ ಭಾಗ. ಹೀಗೊಂದು ಬಂತು ಅಂದುಕೊಳ್ಳಿ: ‘9 ಜನ ಇದ್ದೇವೆ, ಲೈನ್‌ಮನೆ ಹಿಂದೆ ಬರೆ ಜರಿದಿದೆ, ಅಜ್ಜಿಗೆ ನಡೆಯಲಾಗಲ್ಲ, ಚಾರ್ಜ್ 6 ಇದೆ.’ ಎಲ್ಲವೂ ಇದೆ, ಊರಿನ ಹೆಸರೊಂದಿಲ್ಲ. ಕಾಲ್ ಮಾಡಬೇಡಿ, ನಿಮ್ಮಂಥ ನಲವತ್ತು ಮಂದಿ ‘ಹೇಗಿದ್ದೀರಿ’ ಅಂದರೆ ಆ 6 ಹೋಗುತ್ತದೆ. ವಿಡಿಯೋ ಕೇಳುವ ಮಹನೀಯರನ್ನು ಗ್ರೂಪಿನಿಂದ ತೆಗೆಯಿರಿ. ಒಂದೇ ಮೆಸೇಜ್ ಸಾಕು: ಯಾವ ತೋಟ, ಹತ್ತಿರದ ಶಾಲೆ ಯಾವುದು? ಉತ್ತರವನ್ನು ಆ ಸೀಮೆಯವರಿಗೇ ತೋರಿಸಿ. 2010ರ ಭೂಕಂಪದ ನಂತರ ಹೈಟಿಯಿಂದ ನೆರವು ಕೇಳಿ 4636 ಎಂಬ ನಂಬರಿಗೆ ಬಂದ ಕ್ರಿಯೋಲ್ ಎಸ್ಸೆಮ್ಮೆಸ್‌ಗಳನ್ನು ಅನುವಾದಿಸಿ ಜಾಗ ಹುಡುಕಲು ದೇಶದಾಚೆಯ ಹೈಟಿಯನ್ನರೇ ಕೂತಿದ್ದರು. ‘ಪೈಸಾರಿ ದಾಟಿ ಮೇಲಿನ ಓಣಿ’ ಅಂದರೆ ಭೂಪಟ ಬಾಯಿಬಿಡುವುದಿಲ್ಲ, ಬೆಂಗಳೂರಿನಲ್ಲಿರುವ ಮಡಿಕೇರಿಯವರು ಬಿಡುತ್ತಾರೆ.

ಸಿಕ್ಕ ಜಾಗಗಳಿಗೆಲ್ಲ ಚುಕ್ಕೆ ಇಡಿ. ಸಿಗ್ನಲ್ ಇದ್ದ ಪೇಟೆಗಳ ಮೇಲೆ ಚುಕ್ಕೆಗಳು ಇರುವೆಯಂತೆ ಮುತ್ತುತ್ತವೆ. ಸಂತೋಷ, ಅವನ್ನು ಬಿಟ್ಟು ಖಾಲಿ ಜಾಗ ನೋಡಿ. 2018ರ ಅದೇ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡವೇ ಇಳಿದು ಬಂತು. ಕರೆಂಟು, ಟವರ್ ಹೋದಮೇಲೆ ಪೋಸ್ಟ್ ಹಾಕುವವರು ಯಾರು? ಸದ್ದಿಲ್ಲದ ಊರುಗಳ ಪಟ್ಟಿ ಬೇರೆ ಮಾಡಿ. ಒಂದೊಂದಕ್ಕೂ ಹೊರಗಿರುವ ನೆಂಟರೊಬ್ಬರನ್ನು ಹುಡುಕಿ ಫೋನ್ ಮಾಡಿ, ಮನೆಯವರ ಜೊತೆ ಕೊನೆಯ ಸಲ ಮಾತಾಡಿದ್ದು ಎಷ್ಟು ಗಂಟೆಗೆ ಎಂದು ಕೇಳಿ ಬರೆದುಕೊಳ್ಳಿ.