ಗಾಡಿ ಯಾವ ರಾಜ್ಯದ್ದು ಸಾರ್?

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವನನ್ನು ಬೆಂಗಳೂರಿನಲ್ಲಾದರೆ ‘ಎಷ್ಟು ಕಿಲೋಮೀಟರ್ ಓಡಿದೆ?’ ಎಂದು ಕೇಳುತ್ತಾರೆ. ಮಡಕಶಿರಾದಲ್ಲಿ ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಬರುತ್ತದೆ: ‘ಕೆಎ ಗಾಡೀನಾ, ಎಪಿ ಗಾಡೀನಾ?’ ಹೆಣ್ಣು ನೋಡಲು ಹೋದಾಗ ಮೊದಲು ಗೋತ್ರ ಕೇಳುವ ಹಾಗೆ. ಎಂಜಿನ್ನು, ಗೇರು, ಬ್ರೇಕು ಎಲ್ಲ ಆಮೇಲೆ.

ನಮ್ಮ ತಾಲ್ಲೂಕನ್ನು ನಕ್ಷೆಯಲ್ಲಿ ಕಂಡವರಿಗೆ ಈ ಪ್ರಶ್ನೆ ವಿಚಿತ್ರ ಅನ್ನಿಸುವುದಿಲ್ಲ. ಪಶ್ಚಿಮಕ್ಕೆ ಶಿರಾ, ಉತ್ತರಕ್ಕೆ ಪಾವಗಡ, ದಕ್ಷಿಣಕ್ಕೆ ಮಧುಗಿರಿ. ಮೂರು ಕಡೆ ಕರ್ನಾಟಕ, ಪೂರ್ವಕ್ಕೆ ಮಾತ್ರ ಆಂಧ್ರದ ಬಾಗಿಲು. ಅಗಳಿ, ರೊಳ್ಳ, ಅಮರಾಪುರದ ಕಡೆ ಮನೆಯೊಳಗೆ ಕನ್ನಡ, ಸಂತೆಯಲ್ಲಿ ಎರಡೂ, ಕಚೇರಿಯಲ್ಲಿ ತೆಲುಗು. ನೊಳಂಬರು ರಾಜಧಾನಿ ಮಾಡಿಕೊಂಡಿದ್ದ ಹೇಮಾವತಿ ಇರುವುದೂ ಇಲ್ಲೇ. ಆದರೂ ಲೆಕ್ಕದಲ್ಲಿ ನಾವು ಹೊರನಾಡ ಕನ್ನಡಿಗರು. ನ್ಯೂಜೆರ್ಸಿಯವರು ವಿಮಾನ ಹತ್ತಿ ಹೊರನಾಡಿಗರಾದರು, ನಾವು ಜಗುಲಿಯಿಂದ ಏಳದೆಯೇ ಆದೆವು. 2022ರ ಏಪ್ರಿಲ್ 4ರಂದು ನಮ್ಮನ್ನು ಅನಂತಪುರ ಜಿಲ್ಲೆಯಿಂದಲೂ ತೆಗೆದು ಶ್ರೀ ಸತ್ಯಸಾಯಿ ಜಿಲ್ಲೆಗೆ ಹಾಕಿದರು. ಆ ದಿನವೂ ನಾನು ಮನೆಯಲ್ಲೇ ಇದ್ದೆ.

ಕಾರಿನ ಮಾತು ಹುಟ್ಟಿದ್ದು ಬಸ್ಸಿನಿಂದ. ನನ್ನ ಹೆಂಡತಿಯ ತವರು ರಾಯದುರ್ಗ. ಹತ್ತಿರದ ದಾರಿ ಪಾವಗಡ, ಕಲ್ಯಾಣದುರ್ಗದ ಮೇಲೆ. ಅಂದರೆ ಆಂಧ್ರದಲ್ಲಿ ಹೊರಟು, ಕರ್ನಾಟಕಕ್ಕೆ ಹೊಕ್ಕು, ಮತ್ತೆ ಆಂಧ್ರದಲ್ಲಿ ಇಳಿಯಬೇಕು. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಪಾವಗಡದ ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಹೆಂಗಸರೆಲ್ಲ ಪುಕ್ಕಟೆ, ನನ್ನ ಹೆಂಡತಿಯ ಆಧಾರಿನಲ್ಲಿ ಆಂಧ್ರದ ವಿಳಾಸವಿದ್ದದ್ದರಿಂದ ಅವಳಿಗೆ ಟಿಕೆಟ್. ಮಾತಿಗೆ ಮಾತು ಸೇರಿಸಿ ಅಚ್ಚಗನ್ನಡದಲ್ಲಿ ವಾದಿಸಿದಳು. ಭಾಷೆ ನೋಡಿ ಟಿಕೆಟ್ ಬಿಡುವ ನಿಯಮವಿಲ್ಲ ಎಂದು ಕಂಡಕ್ಟರ್ ಅಷ್ಟೇ ಅಚ್ಚಗನ್ನಡದಲ್ಲಿ ಹೇಳಿದ.

2025ರ ಆಗಸ್ಟ್ 15ಕ್ಕೆ ಆಂಧ್ರದಲ್ಲೂ ಸ್ತ್ರೀ ಶಕ್ತಿ ಬಂತು. ಅಂತರರಾಜ್ಯ ಬಸ್ಸಿಗೆ ಅದು ನಡೆಯುವುದಿಲ್ಲ. ನಮ್ಮತ್ತೆ ಇದನ್ನು ಒಂದೇ ವಾರದಲ್ಲಿ ಅರ್ಥ ಮಾಡಿಕೊಂಡರು. ರಾಯದುರ್ಗದಿಂದ ಅನಂತಪುರ, ಅಲ್ಲಿಂದ ಪೆನುಕೊಂಡ, ಅಲ್ಲಿಂದ ಮಡಕಶಿರಾ ಎಂದು ಸುತ್ತು ಹಾಕಿ, ಕರ್ನಾಟಕದ ನೆಲ ಮೆಟ್ಟದೆ, ಪೈಸೆ ಖರ್ಚಿಲ್ಲದೆ ಬರತೊಡಗಿದರು. ದಿನವಿಡೀ ಹಿಡಿಯುತ್ತಿತ್ತು. ಪುಕ್ಕಟೆ ಬಂದವರು ಕೈಬೀಸಿ ಬರುತ್ತಾರೆಯೇ? ಒಂದು ಚೀಲ ಶೇಂಗಾ ತರುತ್ತಿದ್ದರು. ಹೋಗುವಾಗ ನಮ್ಮಮ್ಮ ಒಂದು ಚೀಲ ಕಡ್ಲೆಕಾಯಿ, ಮೇಲೆ ಒಂದಿಷ್ಟು ಹುಣಸೆಹಣ್ಣು ಕಟ್ಟಿ ಕೊಡುತ್ತಿದ್ದರು. ಎರಡೂ ಮನೆಯವರು ಎರಡೂ ಮನೆಯಲ್ಲಿ ಬೆಳೆಯುವುದನ್ನೇ ಪರಸ್ಪರ ಸಾಗಿಸುವ ಈ ವ್ಯಾಪಾರದಲ್ಲಿ ಚೀಲ ಹೊರುವವನು ನಾನು.

ಆದ್ದರಿಂದ ಕಾರು, ಅದರಲ್ಲೂ ಡಿಕ್ಕಿ ಇರುವ ಕಾರು. ‘ಡಿಕ್ಕಿ ಇಲ್ದ ಕಾರು ಕಾರೇನ್ರೀ ಅಳಿಯಂದ್ರೇ? ಗಾಜು ಹಾಕಿದ ಆಟೋ ಅದು’ ಎಂದರು ಮಾವ. ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವ ಭಾವಮೈದನೂ ಅದಕ್ಕೆ ದನಿಗೂಡಿಸಿದ. ಬಳ್ಳಾರಿಗೆ ಪ್ಯಾಂಟಿನ ಗಂಟು ಒಯ್ಯಲು ಆಗೀಗ ನಮ್ಮ ಕಾರು ಸಿಗಬಹುದೆಂಬ ದೂರಾಲೋಚನೆ ಅವನದು. ಬಜೆಟ್ಟು ಮಾತ್ರ ಯಾರೂ ಹೇಳದೆ ನಾನೇ ಗೊತ್ತು ಮಾಡಿದ್ದು: ಕಾಗದಪತ್ರ ಎಲ್ಲ ಸೇರಿ ಮೂರು ಲಕ್ಷ.

ನಮ್ಮ ನೆರೆಯ ಪೆನುಕೊಂಡದ ಹತ್ತಿರ ಕಿಯಾ ಕಾರ್ಖಾನೆ ಇದೆ, 2019ರಿಂದ. ಕಾರು ಅಲ್ಲಿಂದ ಸಾಲುಸಾಲಾಗಿ ಹೊರಬೀಳುವುದನ್ನು ಹೆದ್ದಾರಿಯಲ್ಲಿ ನಿಂತೇ ನೋಡಬಹುದು. ಬಹುಪಾಲು ಎತ್ತರದ ಎಸ್‌ಯುವಿಗಳು. ಸೆಡಾನ್ ಇಲ್ಲ, ಇದ್ದರೂ ನಮ್ಮ ಮೂರು ಲಕ್ಷ ಅದರ ಚಕ್ರಕ್ಕೆ ಸಾಲದು. ಊರ ಪಕ್ಕ ಕಾರು ಹುಟ್ಟಿದರೂ ನಾವು ಕಾರು ಹುಡುಕಿದ್ದು ಬಳ್ಳಾರಿ, ತುಮಕೂರುಗಳಲ್ಲಿ. ಸೆಕೆಂಡ್ ಹ್ಯಾಂಡ್ ಮಾಲು ದಂಡಿಯಾಗಿ ಸಿಗುವುದು ಅಲ್ಲೇ. ಬೆಂಗಳೂರಿನವರು ಬಿಟ್ಟ ಗಾಡಿ ತುಮಕೂರಿಗೆ ಬರುತ್ತದೆ, ತುಮಕೂರಿನವರು ಬಿಟ್ಟದ್ದು ಶಿರಾಕ್ಕೆ, ಶಿರಾದವರು ಬಿಟ್ಟದ್ದು ನಮಗೆ.

2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಹೊಸದು ಇಳಿದರೆ ಹಳೆಯದೂ ಇಳಿಯಲೇಬೇಕಲ್ಲ ಎಂದು ಅಲ್ಲಿಯವರೆಗೆ ಕಾದು ಕೂತೆವು. ಬ್ರೋಕರ್ ನಕ್ಕ. ‘ಹೊಸ ಗಾಡಿಗೆ ಕಮ್ಮಿ ಮಾಡವ್ರೆ ಸಾರ್. ಹಳೇ ಗಾಡಿಗೆ ಹದಿನೆಂಟು ಪರ್ಸೆಂಟ್ ಹಾಕವ್ರೆ, ನೀವೇ ಕೊಡ್ಬೇಕು.’ ಅರ್ಧ ನಿಜ. ಹಳೇ ಕಾರಿನ ಮೇಲೆ ಶೇ. 18 ಬಂದದ್ದು ಹೌದು, ಆದರೆ ಅದು ನೋಂದಾಯಿತ ಡೀಲರ್ ಇಟ್ಟುಕೊಳ್ಳುವ ಲಾಭದ ಮೇಲೆ ಮಾತ್ರ. ಮನೆಯವರಿಂದ ಮನೆಯವರು ಕೊಂಡರೆ ಅದೂ ಇಲ್ಲ. ಇದನ್ನು ಹೇಳಿದಾಗ ಅವನು ‘ಸಾರ್ ಮೇಷ್ಟ್ರಾ?’ ಎಂದ. ಹೌದೆಂದೆ. ಅಂದಿನಿಂದ ಅವನು ಬೆಲೆ ಹೇಳುವ ಮೊದಲು ಒಂದು ನಿಟ್ಟುಸಿರು ಬಿಡತೊಡಗಿದ.

ನೋಡಿದ ಗಾಡಿಗಳ ಕಥೆ ಹೇಳಿದರೆ ಮುಗಿಯುವುದಿಲ್ಲ. ಬ್ರೋಕರ್ ತೋರಿಸಿದ ಕಾರೆಲ್ಲವೂ ಡಾಕ್ಟರರದ್ದು, ಸಿಂಗಲ್ ಓನರ್, ಭಾನುವಾರ ದೇವಸ್ಥಾನಕ್ಕೆ ಮಾತ್ರ ಓಡಿದ್ದು. ಇಷ್ಟೊಂದು ಡಾಕ್ಟರರಿದ್ದೂ ನಮ್ಮ ಕಡೆಯ ಆಸ್ಪತ್ರೆಗಳು ಯಾಕೆ ಹೀಗಿವೆಯೋ! ಒಂದು ಬಿಳಿ ಗಾಡಿಯ ಮೀಟರು ಅರವತ್ತು ಸಾವಿರ ತೋರಿಸುತ್ತಿತ್ತು, ಕ್ಲಚ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಇಣುಕುತ್ತಿತ್ತು. ನಮ್ಮೂರ ಮೆಕ್ಯಾನಿಕ್ ಭಾಯಿ ಮೀಟರಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಅವರ ಕ್ರಮವೇ ಬೇರೆ. ಬೆಳಿಗ್ಗೆ ಹೇಳದೆ ಹೋಗಿ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತಾರೆ. ಬಿಸಿಯಿದ್ದರೆ ‘ಇವ್ನು ನಾವ್ ಬರಾಕ್ ಮುಂಚೆ ಸ್ಟಾರ್ಟ್ ಮಾಡವ್ನೆ, ನಡೀರಿ’. ತಣ್ಣಗಿದ್ದರೆ ಮುಂದಿನ ಕೆಲಸ. ಆಯಿಲ್ ಮುಚ್ಚಳ ತಿರುವಿ ಒಳಗೆ ಹಾಲು ಬೆರೆತಂಥ ಲೋಳೆ ಇದೆಯೇ ನೋಡುವುದು, ಇದ್ದರೆ ಎಂಜಿನ್ನಿಗೆ ನೀರು ಸೇರಿದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಹುಡುಕುವುದು. 2015ರ ಚೆನ್ನೈ ಪ್ರವಾಹದಲ್ಲಿ ಮುಳುಗಿದ ಕಾರುಗಳು ಪಾಲಿಶ್ ಮಾಡಿಸಿಕೊಂಡು ಎಲ್ಲೆಲ್ಲಿಗೋ ಹೋದವು, ಸೀಟು ಬದಲಾದರೂ ಬೆಲ್ಟಿನ ಬುಡ ತೊಳೆಯುವವರು ಕಡಿಮೆ. ಪ್ರತಿ ಗಾಜಿನ ಮೂಲೆಯ ವರ್ಷದ ಗುರುತನ್ನು ಓದುವುದು. ಐದು ಗಾಜು ಒಂದು ವರ್ಷದ್ದು, ಒಂದು ಮಾತ್ರ ನಾಲ್ಕು ವರ್ಷ ಚಿಕ್ಕದು ಅಂದರೆ ಆ ಬದಿಗೆ ಏನೋ ನಡೆದಿದೆ.

ಇನ್ನು ದೆಹಲಿ ಗಾಡಿಗಳು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರಿಗೆ ನಿಷೇಧ ಎಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ ಮೇಲೆ ಡಿಎಲ್ ನಂಬರಿನವು ದಕ್ಷಿಣಕ್ಕೆ ಇಳಿದು ಬರುತ್ತಿವೆ. ನೋಡಲು ಚೆಂದ, ಬೆಲೆಯೂ ಕಮ್ಮಿ. ಮಾವ ಒಂದಕ್ಕೆ ಮನಸೋತಿದ್ದರು. ‘ಎರಡು ರಾಜ್ಯದ್ದೇ ನಮಗೆ ಸಾಕಾಗೈತಿ, ಮೂರನೇದು ಬ್ಯಾಡ’ ಎಂದು ಅತ್ತೆ ತಳ್ಳಿಹಾಕಿದರು. ಸಿಎನ್‌ಜಿ ಹಾಕಿಸಿದ ಇನ್ನೊಂದು ಕಾರು ಬಂತು. ಡಿಕ್ಕಿ ತೆರೆದರೆ ಪೂರ್ತಿ ಸಿಲಿಂಡರ್ ಮಲಗಿತ್ತು. ಅತ್ತೆ ಡಿಕ್ಕಿ ಮುಚ್ಚಿದರು, ಮಾತೂ ಮುಗಿಯಿತು.

ಸ್ವಿಫ್ಟ್ ಡಿಜೈರ್ ಯಾಕೆ ಬೇಡವೆಂದು ಊರೆಲ್ಲ ಕೇಳಿತು. ಬೇಡ ಅಂದವರ್ಯಾರು? ಎಲ್ಲರಿಗೂ ಅದೇ ಬೇಕು, ಆದ್ದರಿಂದ ಅದೇ ವರ್ಷದ ಬೇರೆ ಸೆಡಾನಿಗಿಂತ ಅದಕ್ಕೆ ಬೆಲೆ ಹೆಚ್ಚು. ಇನ್ನೊಂದು ಕಾರಣ ಬಜೆಟ್ಟು, ನಮ್ಮದಲ್ಲ, ಕೇಂದ್ರದ್ದು. ನಾಲ್ಕು ಮೀಟರಿಗಿಂತ ಗಿಡ್ಡ ಕಾರಿಗೆ 2006ರ ಬಜೆಟ್ಟಿನಲ್ಲಿ ಅಬಕಾರಿ ಸುಂಕ ಇಳಿಸಿದರು. ಕಂಪನಿಗಳು ಸುಮ್ಮನಿರುತ್ತವೆಯೇ? 2008ರಲ್ಲಿ ಉದ್ದವಾಗಿ ಬಂದ ಡಿಜೈರ್ 2012ರಲ್ಲಿ 3995 ಮಿಲಿಮೀಟರಿಗೆ ಬಂದು ನಿಂತಿತು. ಐದು ಮಿಲಿಮೀಟರ್ ಉಳಿಸಿ ಸುಂಕ ಉಳಿಸಿದರು, ನಷ್ಟವಾದದ್ದು ಡಿಕ್ಕಿಗೆ. 316 ಲೀಟರ್. ಅತ್ತೆಯ ಲೆಕ್ಕದಲ್ಲಿ ಒಂದೂವರೆ ಚೀಲ.

ಟೊಯೊಟಾ ಇಟಿಯೋಸ್ ಮಾತ್ರ ಬಾಲ ಕತ್ತರಿಸಿಕೊಳ್ಳದ ಕಾರು. 2010ರ ಡಿಸೆಂಬರಿನಲ್ಲಿ ಬಂದು 2020ಕ್ಕೆ ನಿಂತುಹೋಯಿತು. ಡಿಕ್ಕಿ ಹತ್ತಿರ ಹತ್ತಿರ 590 ಲೀಟರ್. ಉಳ್ಳವರು ಅದನ್ನು ಟ್ಯಾಕ್ಸಿ ಎಂದು ಮೂಗು ಮುರಿಯುತ್ತಾರೆ, ಹಾಗಾಗಿಯೇ ಬೆಲೆ ನಮ್ಮ ಮಟ್ಟಕ್ಕೆ ಇಳಿದಿರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಟ್ಯಾಕ್ಸಿಯವರು ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸಲು ಆರಿಸಿಕೊಂಡ ಕಾರಿಗಿಂತ ದೊಡ್ಡ ಸರ್ಟಿಫಿಕೇಟು ಬೇಕಿಲ್ಲ. ಟ್ಯಾಕ್ಸಿಯನ್ನೇ ಕೊಳ್ಳಬಾರದು, ಅಷ್ಟೇ. ಹಳದಿ ಬೋರ್ಡು ಬಿಳಿಯಾಗಿದ್ದರೆ ಪರಿವಾಹನ್ ದಾಖಲೆಯಲ್ಲೂ, ಮೇಲ್ಛಾವಣಿಯ ಕ್ಯಾರಿಯರ್ ತೂತುಗಳಲ್ಲೂ ಗೊತ್ತಾಗುತ್ತದೆ. ತುಮಕೂರಿನಲ್ಲಿ ಸಿಕ್ಕ 2013ರ ಪೆಟ್ರೋಲ್ ಗಾಡಿಗೆ ಭಾಯಿ ಎಲ್ಲ ಪರೀಕ್ಷೆ ಮಾಡಿ, ಕೊನೆಗೆ ಒಮ್ಮೆ ತಲೆಯಾಡಿಸಿದರು. ಅದರ ಸ್ಪೀಡಿನ ಮೀಟರು ಡ್ರೈವರ್ ಮುಂದಿಲ್ಲ, ಡ್ಯಾಶ್‌ಬೋರ್ಡಿನ ನಡುವೆ ಇದೆ. ಹಿಂದೆ ಕೂತ ಅತ್ತೆಗೂ ಸ್ಪಷ್ಟವಾಗಿ ಕಾಣುತ್ತದೆ ಎಂಬುದನ್ನು ಹಣ ಕೊಡುವ ಮೊದಲು ಯಾರೂ ನನಗೆ ಹೇಳಲಿಲ್ಲ.

ಗಾಡಿ ಕೆಎ. ಇಲ್ಲಿಂದ ನಿಜವಾದ ಸಂಸಾರ ಶುರು. ಮೋಟಾರು ವಾಹನ ಕಾಯಿದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರ್ ಮಾಡಿಸಬೇಕು. ಅದಕ್ಕೆ ಫಾರಂ 28ರಲ್ಲಿ ಎನ್‌ಒಸಿ, ಫಾರಂ 29, 30ರಲ್ಲಿ ಮಾರಾಟದ ವರ್ಗಾವಣೆ, ಬಾಕಿ ದಂಡವಿದ್ದರೆ ತೀರಿಸುವುದು, ಆಂಧ್ರದಲ್ಲಿ ಗಾಡಿಯ ವಯಸ್ಸಿಗೆ ತಕ್ಕ ಲೈಫ್ ಟ್ಯಾಕ್ಸ್, ಕರ್ನಾಟಕದಿಂದ ಉಳಿದ ಟ್ಯಾಕ್ಸ್ ವಾಪಸ್ ಕೇಳುವ ಅರ್ಜಿ. ಬ್ರೋಕರ್ ಇದಕ್ಕೆಲ್ಲ ಒಂದೇ ಮದ್ದು ಹೇಳಿದ: ‘ಬಾರ್ಡರಲ್ಲಿ ಇದೀರ. ಕರ್ನಾಟಕದಾಗಿರೋ ನಿಮ್ ನೆಂಟ್ರ ಹೆಸ್ರಲ್ಲಿ ಬರ್ಸಿ ಸಾರ್, ಎನ್‌ಒಸಿನೂ ಬೇಡ, ಟ್ಯಾಕ್ಸೂ ಬೇಡ.’

ನಮ್ಮ ಅಕ್ಕನನ್ನು ಕೊಟ್ಟಿರುವುದು ಪಾವಗಡಕ್ಕೆ. ಭಾವನ ಹೆಸರು ಎತ್ತಿದೆ, ಅಷ್ಟೇ.

‘ನಮ್ಮ ದುಡ್ಡು, ನಿಮ್ಮಕ್ಕನ ಗಂಡನ ಕಾರಾ?’ ಎಂದಳು ಹೆಂಡತಿ. ‘ಬೇಕಿದ್ರ ಬಳ್ಳಾರ್ಯಾಗ ನಮ್ಮ ಸೋದರಮಾವ ಅದಾರ, ಅವರ ಹೆಸರ್ಲೆ ಮಾಡ್ಸ್ರಿ.’

ಸೋದರಮಾವನ ಹೆಸರಿಗೆ ನಮ್ಮಮ್ಮ ಒಪ್ಪಲಿಲ್ಲ. ಬಾಯಲ್ಲಿ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಬರೀ ಮುದ್ದೆ, ಸಾರು ಇಲ್ಲ. ಹೀಗೆ ಕರ್ನಾಟಕದಲ್ಲಿ ಎರಡು ಕಡೆಯೂ ನೆಂಟರಿದ್ದದ್ದರಿಂದಲೇ ನಮ್ಮ ಕಾರು ಆಂಧ್ರದ್ದಾಯಿತು. ಕಾನೂನಿಗೆ ಹೆದರಿ ಹಾಗೆ ಮಾಡಿದೆವೆಂದು ಶಾಲೆಯಲ್ಲಿ ಸಹೋದ್ಯೋಗಿಗಳಿಗೆ ಹೇಳಿದ್ದೇನೆ.

ನಂಬರ್ ಬಂತು, ಎಪಿ 39. ಮೊದಲಾದರೆ ಅನಂತಪುರಕ್ಕೆ ಎಪಿ 02 ಇತ್ತು, ನೋಡಿದ ಕೂಡಲೇ ನಮ್ಮ ಕಡೆಯವರೆಂದು ತಿಳಿಯುತ್ತಿತ್ತು. 2019ರಿಂದ ಇಡೀ ರಾಜ್ಯಕ್ಕೆ ಒಂದೇ ಸಂಖ್ಯೆ. ಈಗ ಪಾವಗಡದ ಪೊಲೀಸರಿಗೆ ನಾವೂ ಒಂದೇ, ಶ್ರೀಕಾಕುಳದವರೂ ಒಂದೇ. ಕೈ ಅಡ್ಡ ಹಾಕಿ ‘ಎಕ್ಕಡಿಕಿ?’ ಎಂದು ಕೇಳುತ್ತಾರೆ. ‘ಇಲ್ಲೇ ಸಾರ್, ಅಕ್ಕನ ಮನೆಗೆ’ ಎಂದರೆ ನನ್ನ ಮುಖ, ನಂಬರ್ ಪ್ಲೇಟು, ಮತ್ತೆ ಮುಖ ನೋಡಿ ಬಿಡುತ್ತಾರೆ. ಅಲ್ಲೇ ಪೆಟ್ರೋಲ್ ಹಾಕಿಸುತ್ತೇನೆ. ಆಂಧ್ರಕ್ಕಿಂತ ಕರ್ನಾಟಕದಲ್ಲಿ ಲೀಟರಿಗೆ ಆರೇಳು ರೂಪಾಯಿ ಕಡಿಮೆ. ಗಡಿಯ ಆಚೆ ನಿಂತ ಬಂಕಿನಲ್ಲಿ ಎಪಿ ಗಾಡಿಗಳದೇ ಸಾಲು.

ಕಾರು ಮೊದಲ ಸಲ ರಾಯದುರ್ಗ ಮುಟ್ಟಿದಾಗ ನಿಂಬೆಹಣ್ಣು, ಕುಂಕುಮ ಎಲ್ಲ ಆಯಿತು. ಹೆಂಡತಿಯ ಅಜ್ಜ ಕೋಲೂರಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. ಅವರು ಹುಟ್ಟಿದಾಗ ರಾಯದುರ್ಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಹೋಯಿತು, ಆದೋನಿ, ಆಲೂರಿನ ಜೊತೆ ರಾಯದುರ್ಗ ಆಂಧ್ರಕ್ಕೆ ಬಂತು. ಅಜ್ಜ ಆಗ ಕನ್ನಡ ಶಾಲೆಯ ಹುಡುಗ. ಕಾರಿನ ಕಾಗದ ಕೇಳಿದರು, ಕೊಟ್ಟೆ. ಕನ್ನಡಕ ಏರಿಸಿ ಒಂದೊಂದೇ ಹಾಳೆ ತಿರುವಿದರು.

‘ಏನಪಾ, ಈ ಗಾಡಿ ಕರ್ನಾಟಕ ಬಿಟ್ಟು ಬರಾಕ ಇಷ್ಟು ಕಾಗದ ಕೊಟ್ಟಾರ?’

‘ಹೌದಜ್ಜ, ಎನ್‌ಒಸಿ ಅಂತ.’

‘ಉಳಿದ ಟ್ಯಾಕ್ಸೂ ವಾಪಸ್ ಬರ್ತೈತಿ ಅಂದ್ಯಲ್ಲ?’

‘ಅರ್ಜಿ ಹಾಕಿದ್ದೀನಿ, ಬರಬೇಕು.’

ಅಜ್ಜ ಕಾಗದಗಳನ್ನು ಮಡಚಿ ನನ್ನ ಕೈಗಿಟ್ಟರು. ‘ಬಂದ್ರ ನನಗ ಹೇಳು. ನನ್ನ ಈ ಕಡೆ ಹಾಕಿದಾಗ ಒಂದು ಚೀಟೀನೂ ಕೊಟ್ಟಿಲ್ಲ. 1953ರಿಂದ ಲೆಕ್ಕ ಹಾಕಿ ನಂದೂ ಒಂದು ಅರ್ಜಿ ಬರದುಬಿಡು. ನೀ ಹೆಂಗೂ ಮೇಷ್ಟ್ರು.’