ಕಾರ್ನರಣ್ಣನ ಡಿಫೆನ್ಸು

ಗೆದ್ದ ದಿನ ಕಾರ್ನರಣ್ಣ ಯಾರ ಕೈಗೂ ಸಿಗುವವನಲ್ಲ. ಫೈನಲ್ ಸೋತರೆ ಮಾತ್ರ, ಮಾರನೇ ಬೆಳಿಗ್ಗೆ ಗಂಡಸಿ ಹ್ಯಾಂಡ್‌ಪೋಸ್ಟಿನ ಬೇಕರಿಯವನು ಶಟರ್ ಎತ್ತುವ ಮೊದಲೇ ಬೆಂಚಿನ ಮೇಲೆ ಹಾಜರು. ಹೊನಲು ಬೆಳಕಿನ ಕಬಡ್ಡಿ ನಡೆಯುವ ಊರಿಗೆಲ್ಲ ಇಂಥವನೊಬ್ಬ ಇದ್ದೇ ಇರುತ್ತಾನೆ. ನಮ್ಮವನಿಗೆ ಆ ಹೆಸರು ಬಂದದ್ದು ಅಂಕಣದ ಕಾರ್ನರಿನಲ್ಲಿ ಆಡಿದ್ದಕ್ಕಲ್ಲ, ಹಗ್ಗದಾಚೆಯ ಕಾರ್ನರಿನಲ್ಲಿ ನಿಂತು ಗಂಟಲು ಹರಿದುಕೊಂಡಿದ್ದಕ್ಕೆ.

“ರೈಡಲ್ಲಿ ಸೋತಿಲ್ಲ ಕಣ್ರಪ್ಪ, ಡಿಫೆನ್ಸಲ್ಲಿ ಸೋತ್ವಿ.” ಪಲ್ಲವಿ ಇಷ್ಟೇ. ಚರಣ ಮಾತ್ರ ಕಾಫಿಗೊಂದು. ಮೊದಲ ಬೈಟುವಿಗೆ, “ಒಳಗೆ ಆರೇಳು ಜನ ಇದ್ದಾಗ ಬೋನಸ್ ಬಿಟ್ಕೊಡ್ಬೇಕು. ಒಂದ್ ಪಾಯಿಂಟ್ ಹೋದ್ರೆ ಕೊಬ್ಬರಿ ರೇಟ್ ಬೀಳುತ್ತೇನ್ಲಾ?” ಎರಡನೆಯದಕ್ಕೆ, “ಸುಮ್ಸುಮ್ನೆ ಬೋನಸ್ ಬಿಟ್ಕೊಟ್ಟು ಹಾಳಾದ್ವಿ.” ಮೂರನೆಯದಕ್ಕೆ ಸೂಪರ್ ಟ್ಯಾಕಲ್: ಮೂವರೇ ಉಳಿದಾಗ ಹಿಡಿದರೆ ಎರಡು ಪಾಯಿಂಟು, ಅದಕ್ಕೇ ಕಾಯಬೇಕಿತ್ತಂತೆ.

“ಮೂರು ಜನ ಉಳೀಬೇಕಾದ್ರೆ ನಾಲ್ಕು ಜನ ಔಟಾಗ್ಬೇಕಲ್ಲಪ್ಪ, ಅದೂ ಪ್ಲ್ಯಾನೇನು?” ಎಂದರು ರಿಟೈರಾದ ಮೇಷ್ಟ್ರು.

“ಆಡ್ದವರಿಗೆ ಗೊತ್ತಾಗುತ್ತೆ ಬಿಡಿ ಮೇಷ್ಟ್ರೇ.”

ಅವನ ಗಾಯ ಹಳೆಯದು. 2015ರ ಆಗಸ್ಟ್ 23, ಮುಂಬೈಯಲ್ಲಿ ಪ್ರೊ ಕಬಡ್ಡಿ ಫೈನಲ್ಲು: ಯು ಮುಂಬಾ 36, ಬೆಂಗಳೂರು ಬುಲ್ಸ್ 30. ಆ ಆರು ಪಾಯಿಂಟಿನ ಬಾಕಿಯನ್ನು ಅವನು ಇನ್ನೂ ವಸೂಲಿ ಮಾಡುತ್ತಲೇ ಇದ್ದಾನೆ. 2019ರ ಜನವರಿ 5ರಂದು ಗುಜರಾತನ್ನು 38-33ರಲ್ಲಿ ಮಣಿಸಿ ಬುಲ್ಸ್ ಕಪ್ ಎತ್ತಿತಲ್ಲ ಎಂದು ಸಮಾಧಾನ ಹೇಳಲು ಹೋದೀರಿ, ಜೋಕೆ. “ಪವನ್ ಸೆಹ್ರಾವತ್ ಒಬ್ನೇ 22 ಪಾಯಿಂಟ್ ತಂದ, ಸರಿ. ಅತ್ಲಾಗೆ 33 ಕೊಟ್ಟೋರ್ಯಾರು? ಡಿಫೆನ್ಸು!”

ಹಾಗಂತ ಅವನ ಮಾತು ಪೂರಾ ಜೊಳ್ಳಲ್ಲ. ರೈಡರಿಗಿರುವುದು 30 ಸೆಕೆಂಡು. ಏಳು ಜನ ಚೈನು ಬಿಡದೆ ನಿಂತರೆ ಆತುರ ಅವನಿಗೇ ಹತ್ತುತ್ತದೆ. ಕಾರ್ನರಿನವನು ಮುಂಚಿತವಾಗಿ ಕಾಲಿಗೆ ಬಿದ್ದರೆ ಒಂದು ಪಾಯಿಂಟು ಉಡುಗೊರೆ. ಅವನು ಹಿಡಿದ ಗಳಿಗೆಗೇ ಕವರ್ ಬಂದು ಡ್ಯಾಶ್ ಕೊಡದಿದ್ದರೆ, ಹಿಡಿದವನೂ ಹೋದ, ಪಾಯಿಂಟೂ ಹೋಯಿತು. ಇಷ್ಟು ತಿಳಿದವನು ಪಂದ್ಯದ ಹಿಂದಿನ ದಿನ ಬಾಯಿಬಿಟ್ಟದ್ದನ್ನು ಮಾತ್ರ ಕಂಡವರಿಲ್ಲ.

ಕಡೆಗೆ ಡೆಮೊ. ಅದಿಲ್ಲದೆ ಸಭೆ ಬರಖಾಸ್ತಾಗುವುದಿಲ್ಲ. ಮೊನ್ನೆ ಸಿಕ್ಕಿಕೊಂಡವನು ಬಸ್ಸಿಗೆ ಕಾಯುತ್ತಿದ್ದ ಕಾಲೇಜು ಹುಡುಗ. ಅಣ್ಣ ಲುಂಗಿ ಎತ್ತಿ ಕಟ್ಟಿ, ತೊಡೆ ತಟ್ಟಿ, ಎರಡೂ ಕೈಯಲ್ಲಿ ಅವನ ಹಿಮ್ಮಡಿ ಅಮುಕಿ ಹಿಡಿದ. “ಇದು ಆ್ಯಂಕಲ್ ಹೋಲ್ಡು. ಬಿಡಿಸ್ಕೊಳ್ಲಾ ನೋಡಾನ!”

ಅಷ್ಟರಲ್ಲಿ ಅರಸೀಕೆರೆ ಬಸ್ಸು ಬಂತು. ಹುಡುಗ ಬ್ಯಾಗು, ಅಣ್ಣ ಎರಡನ್ನೂ ಎಳೆದುಕೊಂಡು ಮೆಟ್ಟಿಲು ಮುಟ್ಟಿಯೇಬಿಟ್ಟ. ಕಂಡಕ್ಟರ್ ಸೀಟಿ ಊದಿದ. ಕೈಯಲ್ಲಿ ಉಳಿದ ಚಪ್ಪಲಿಯನ್ನು ಕಿಟಕಿಯೊಳಕ್ಕೆ ಎಸೆದು, ಮಂಡಿಯ ಧೂಳು ಕೊಡವಿಕೊಳ್ಳುತ್ತ ಎದ್ದ ಕಾರ್ನರಣ್ಣ, ಬೋಂಡ ತಿನ್ನುತ್ತಿದ್ದ ನಮ್ಮನ್ನೆಲ್ಲ ದುರುಗುಟ್ಟಿ ನೋಡಿದ.

“ನಾನು ಹಿಡ್ದಿದ್ದೆ. ಕವರ್‌ನೋರು ಎಲ್ಲಿ ಸತ್ತಿದ್ರಿ?”